ಛತ್ರ ನೋಡೋಕೆ ಹೋದರೆ ಮೊದಲು ನಲ್ಲಿ ತಿರುಗಿಸಿ

ಈಗಿನ ಹುಡುಗರು ಛತ್ರ ನೋಡೋ ಚಂದ ನೋಡಿದರೆ ಮೈ ಉರಿಯುತ್ತೆ. ಮುಂಬಾಗಿಲಲ್ಲಿ ಹೋಗ್ತಾರೆ, ವೇದಿಕೆ ಮುಂದೆ ನಿಂತು ಮೊಬೈಲಲ್ಲಿ ನಾಲ್ಕು ಫೋಟೋ ಹೊಡೀತಾರೆ, ಎಸಿ ತಣ್ಣಗಿದೆ ಅಂತ ಮುಂಗಡ ಕೊಟ್ಟು ಬಂದುಬಿಡ್ತಾರೆ. ಮದುವೆ ನಡೆಯೋದು ವೇದಿಕೆ ಮೇಲಾದರೂ ಮದುವೆ ಕೆಡೋದು ಹಿತ್ತಲಲ್ಲಿ ಕಣ್ರೀ. ಹಿಂಬಾಗಿಲಿಂದ ಒಳಗೆ ಹೋಗಿ. ಅಡುಗೆಮನೆ, ಉಗ್ರಾಣ, ಕೈ ತೊಳೆಯೋ ಜಾಗ, ಮೇಲಿನ ರೂಮುಗಳು, ಇಷ್ಟು ನೋಡಿದ ಮೇಲೆ ಬೇಕಾದರೆ ಹಾಲ್ ನೋಡಿಕೊಳ್ಳಿ.

ಯಾವ ದಿನ ಹೋಗ್ತೀರಿ ಅನ್ನೋದೂ ಮುಖ್ಯ. ಆಷಾಢದಲ್ಲಿ ಎಲ್ಲ ಛತ್ರವೂ ಚೆನ್ನಾಗೇ ಕಾಣುತ್ತೆ, ಮದುವೆಯಿಲ್ಲ, ಟ್ಯಾಂಕ್ ತುಂಬಿರುತ್ತೆ, ನೆಲ ಒರೆಸಿರುತ್ತೆ. ಬಾಡಿಗೆ ಚೌಕಾಸಿ ಮಾಡೋಕೆ ಆಷಾಢ ಸರಿ, ನೋಡೋಕಲ್ಲ. ಅಲ್ಲಿ ಯಾರದ್ದಾದರೂ ಮದುವೆ ಇರೋ ದಿನ, ಎರಡನೇ ಪಂಕ್ತಿ ಏಳೋ ಹೊತ್ತಿಗೆ ಹೋಗಿ ಕೈ ತೊಳೆಯೋ ಜಾಗದ ಪಕ್ಕ ನಿಂತುಕೊಳ್ಳಿ. ಬೇಸಿನ್ನಿನಲ್ಲಿ ಅನ್ನದಗುಳು ಕಟ್ಟಿಕೊಂಡು ನೀರು ನಿಂತಿದ್ದರೆ, ರೇಷ್ಮೆ ಸೀರೆ ಎತ್ತಿ ಹಿಡಿದು ಹೆಂಗಸರು ತುದಿಗಾಲಲ್ಲಿ ನಡೀತಿದ್ದರೆ, ಅಲ್ಲಿಂದಲೇ ವಾಪಸ್ ಬನ್ನಿ.

ಈಗ ನೀರಿನ ವಿಷಯ. ಇದೊಂದನ್ನು ನಾನು ಯಾರಿಗೂ ಬಿಟ್ಟುಕೊಡೋಳಲ್ಲ. ಮ್ಯಾನೇಜರ್ ಒಂದು ನಲ್ಲಿ ತಿರುಗಿಸಿ "ನೋಡಿ ಮೇಡಂ, ಎಷ್ಟು ಜೋರಾಗಿ ಬರ್ತಿದೆ" ಅಂತಾನೆ. ಒಂದು ನಲ್ಲಿಯಲ್ಲಿ ಎಲ್ಲೂ ಬರುತ್ತೆ. ಮೂರು ಜನ ಹೋಗಿ. ಒಬ್ಬರು ಅಡುಗೆಮನೆಯ ದೊಡ್ಡ ನಲ್ಲಿ, ಒಬ್ಬರು ಕೈ ತೊಳೆಯೋ ಕಡೆ ನಾಲ್ಕೈದು ನಲ್ಲಿ, ಮೂರನೆಯವರು ಎಲ್ಲಕ್ಕಿಂತ ಮೇಲಿನ ಮಹಡಿಯ ಮೂಲೆ ರೂಮಿನ ಬಚ್ಚಲ ನಲ್ಲಿ, ಎಲ್ಲ ಒಂದೇ ಸಲ ತಿರುಗಿಸಿ. ಮೂಲೆ ರೂಮಿನ ಬಕೆಟ್ಟು, ಅರ್ಧ ಲೀಟರ್ ಹಾಲು ಉಕ್ಕೋ ಹೊತ್ತಿನೊಳಗೆ ತುಂಬಬೇಕು. ದಾರದಷ್ಟು ಸಣ್ಣಗೆ ಬಂದರೆ ಪೈಪು ಸಾಲದು ಅಂತ ಅರ್ಥ, ಟ್ಯಾಂಕ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಧಾರೆ ದಿನ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲ ರೂಮಿನವರೂ ಸ್ನಾನಕ್ಕೆ ಇಳಿಯೋದು, ಅಡುಗೆಯವರು ತಿಂಡಿಗೆ ಕೊಪ್ಪರಿಗೆ ತುಂಬಿಸೋದು ಒಂದೇ ಹೊತ್ತಿಗೆ. ಮದುಮಗಳು ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಾಗ ನಲ್ಲಿ ನಿಂತರೆ ಪುರೋಹಿತರು ಮುಹೂರ್ತ ಮುಂದಕ್ಕೆ ಹಾಕ್ತಾರಾ?

ಬಿಸಿನೀರು ಸೋಲಾರ್ ಅಂದರೆ ಅಷ್ಟಕ್ಕೇ ಬಿಡಬೇಡಿ. ಮೋಡ ಮುಸುಕಿದ ಕಾರ್ತಿಕದಲ್ಲಿ ಸೋಲಾರ್ ನೀರು ಉಗುರು ಬೆಚ್ಚಗಾದರೆ ಹೆಚ್ಚು, ಜೊತೆಗೆ ಕರೆಂಟಿನ ಗೀಸರ್ ಇದೆಯಾ ಕೇಳಿ.

ಇನ್ನು ಒಂದು ಚೊಂಬು ನೀರು ಹಿಡಿದು ಬಾಯಿಗೆ ಹಾಕಿ ನೋಡಿ, ಸೋಪು ತಿಕ್ಕಿ ನೋಡಿ. ನೊರೆ ಬರದೆ ಮೊಸರು ಒಡೆದ ಹಾಗೆ ತೇಲಿದರೆ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗೇ ನಿಲ್ಲುತ್ತೆ, ಆಮೇಲೆ ಅಡುಗೆಯವರು ಸೋಡಾ ಉದುರಿಸ್ತಾರೆ, ಸಾರಿನ ರುಚಿ ಹೋಯಿತು. ಅಡುಗೆಗೆ ಬೇರೆ ನೀರಿನ ವ್ಯವಸ್ಥೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. (ಇಂಥ ನೀರಲ್ಲಿ ಹಿತ್ತಾಳೆ ದೀಪ ತೊಳೆದು ಹಾಗೇ ಒಣಗೋಕೆ ಬಿಡೋರೂ ಇದ್ದಾರೆ. ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದ್ದೆಲ್ಲ ದಂಡ, ಬಿಳಿ ಚುಕ್ಕೆ ಕೂರುತ್ತೆ. ತೊಳೆದ ತಕ್ಷಣ ಹಳೇ ಪಂಚೆ ತುಂಡಲ್ಲಿ ಒರೆಸಬೇಕು.) ವೈಶಾಖದ ಮದುವೆಯಾದರೆ ಟ್ಯಾಂಕರ್ ದುಡ್ಡು ಯಾರದು ಅಂತ ಮೊದಲೇ ಬರೆಸಿಕೊಳ್ಳಿ, 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪಟ್ಟ ಪಾಡು ಮರೆತುಬಿಟ್ಟಿರಾ? ಮನೆ ಮುಂದೆ ಚಪ್ಪರ ಹಾಕಿ ಮದುವೆ ಮಾಡ್ತಿದ್ದ ಕಾಲದಲ್ಲಿ ಹಿತ್ತಲ ಬಾವಿ ಸಾಲದಿದ್ದರೆ ಪಕ್ಕದ ಮನೆ ಬಾವಿ ಇತ್ತು. ಛತ್ರಕ್ಕೆ ಪಕ್ಕದ ಮನೆ ಎಲ್ಲಿದೆ?

ಊಟದ ಹಾಲ್‌ನ ಲೆಕ್ಕ ಬಾಯಿಲೆಕ್ಕವೇ. 600 ಜನಕ್ಕೆ 150 ಎಲೆ ಬೀಳೋ ಹಾಲ್ ಹಿಡಿದರೆ ನಾಲ್ಕು ಪಂಕ್ತಿ. ಬಡಿಸಿ, ಉಂಡು, ಎಲೆ ತೆಗೆದು, ಟೇಬಲ್ ಮೇಲೆ ಪೇಪರ್ ಹಾಸೋಕೆ ಪಂಕ್ತಿಗೆ 45 ನಿಮಿಷ ಹಿಡಿದರೂ 12ಕ್ಕೆ ಶುರುವಾದದ್ದು ಮುಗಿಯೋದು 3ಕ್ಕೆ. ಮನೆಯವರು ಕೂರೋದು ಅದಾದ ಮೇಲೆ, ಅಷ್ಟರಲ್ಲಿ ಮ್ಯಾನೇಜರ್ ಬೀಗದ ಕೈ ಗೊಂಚಲು ಗಲಗಲ ಅನ್ನಿಸ್ತಿರ್ತಾನೆ. ಕರೆದ ಜನದ ಮೂರನೇ ಒಂದು ಪಾಲಾದರೂ ಒಂದೇ ಸಲ ಕೂರುವಂತಿರಲಿ. ಊಟದ ಹಾಲ್ ನೆಲಮಾಳಿಗೆಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ಮಂಡಿನೋವಿನ ಅಜ್ಜಿಯರು ಮೇಲೆ ಉಪವಾಸ.

ಛತ್ರ ಕೈಗೆ ಸಿಗೋದು ಹಿಂದಿನ ದಿನ ಮಧ್ಯಾಹ್ನ ಎಷ್ಟಕ್ಕೆ, ಅಡುಗೆಯವರು ಅದಕ್ಕೆ ಮುಂಚೆ ಒಳಗೆ ಬರಬಹುದಾ, ಇದನ್ನು ಕೇಳದೆ ಬರೋರೇ ಜಾಸ್ತಿ. ನಾಲ್ಕಕ್ಕೆ ಬಾಗಿಲು ತೆರೆದರೆ ವರಪೂಜೆ ರಾತ್ರಿ ಊಟಕ್ಕೆ ಒಲೆ ಹಚ್ಚೋದು ಯಾವಾಗ? ಎಸಿ ಹಾಲಾದರೆ ಹೋಮದ ಹೊಗೆ ಎಲ್ಲಿಂದ ಹೋಗುತ್ತೆ ತೋರಿಸಿ ಅನ್ನಿ. ಹುಲ್ಲುಹಾಸಿನ ಬಯಲಲ್ಲಿ ಮಾಡೋ ಆಸೆಯಿದ್ದರೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನೋದು ನೆನಪಿರಲಿ, ಐದೂವರೆ ಮುಹೂರ್ತಕ್ಕೆ ಓಲಗದವರು ಮೈಕ್ ಕೇಳ್ತಾರೆ.

ಬಾಡಿಗೆ ಮಾತಾಡುವಾಗ ಕರೆಂಟು ಯೂನಿಟ್ ಲೆಕ್ಕವಾ, ಜನರೇಟರ್ ಡೀಸೆಲ್, ಪಾತ್ರೆ, ಗ್ಯಾಸ್, ಕಸ ಎತ್ತೋ ದುಡ್ಡು ಬೇರೆಯಾ, ಅವರು ಹೇಳಿದ ಡೆಕೊರೇಷನ್‌ನವರನ್ನೇ ಕರೆಸಬೇಕಾ, ಎಲ್ಲ ರಸೀದಿ ಮೇಲೇ ಬರೆಸಿ. ಒಳಗೆ ಹೋದ ಕೂಡಲೇ ಕರೆಂಟು ಮೀಟರಿನ ಫೋಟೋ ತೆಗೆಯಿರಿ, ನಿಮ್ಮ ಮೊಬೈಲು ಉಪಯೋಗಕ್ಕೆ ಬರೋದು ಅಲ್ಲಿ.

ಉಗ್ರಾಣಕ್ಕೆ ಒಂದೇ ಬಾಗಿಲಿರಬೇಕು, ಕಿಟಕಿಗೆ ಜಾಲರಿ ಇರಬೇಕು. ಛತ್ರದವರ ಬೀಗ ಬೇಡ. ಮನೆಯಿಂದ ಬೀಗ ತಗೊಂಡು ಹೋಗಿ, ಕೀಲಿಕೈ ವಧುವಿನ ಸೋದರತ್ತೆ ಸೊಂಟದಲ್ಲಿರಲಿ, ಫೋಟೋಕ್ಕೆ ನಿಲ್ಲೋ ಹುಡುಗಿಯರ ಕೈಗೆ ಕೊಡಬೇಡಿ.