ಹಾಡು ಬರುತ್ತೆ, ಮಾತು ಬರಲ್ಲ

ನಾನು ಮ್ಯೂಸಿಕ್ ಥೆರಪಿಸ್ಟ್, ಚಿಕಿತ್ಸೆಗೆ ಹಾಡಿನ ನೆರವು ಕೊಡುವವಳು. ವಾರಕ್ಕೆ ಎರಡು ಫೋನಾದರೂ ಬರುತ್ತವೆ. "ಮೇಡಂ, ಬಿಪಿಗೆ ಯಾವ ರಾಗ? ನಿದ್ದೆಗೆ ಯಾವುದು? ಒಂದು ಲಿಸ್ಟ್ ವಾಟ್ಸಾಪ್ ಮಾಡಿ." ನನ್ನ ಹತ್ತಿರ ಅಂಥ ಲಿಸ್ಟ್ ಇಲ್ಲ. ಒಂದು ಕಾಲದಲ್ಲಿ ಇತ್ತು. ನಿದ್ದೆಗೆ ನೀಲಾಂಬರಿ ಅಂತ ಡೈರಿಯಲ್ಲಿ ನೀಟಾಗಿ ಬರೆದುಕೊಂಡಿದ್ದೆ.

ಆಗ ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳಿಕೊಂಡಿದ್ದೆ. ಮ್ಯೂಸಿಕ್ ಥೆರಪಿ ಕೋರ್ಸ್ ಇನ್ನೂ ಅರ್ಧ ಮುಗಿದಿತ್ತು. ಒಂದು ವೃದ್ಧಾಶ್ರಮದಲ್ಲಿ ರಾತ್ರಿಯೆಲ್ಲ ಎಚ್ಚರ ಇರುತ್ತಿದ್ದ ಅಜ್ಜಿಗೆ ನೀಲಾಂಬರಿ ಹಾಡಿದೆ. ಜೋಗುಳದ ರಾಗ ಅಲ್ವಾ, ನಿದ್ದೆ ಬಂದೇ ಬರುತ್ತೆ ಅಂದುಕೊಂಡಿದ್ದೆ. ಅಜ್ಜಿ ಎದ್ದು ಕೂತು ಅಳೋಕೆ ಶುರು ಮಾಡಿದರು. ಬೆಳಗಿನ ಜಾವದವರೆಗೂ ನಿಲ್ಲಿಸಲಿಲ್ಲ. ಆಮೇಲೆ ಗೊತ್ತಾಯಿತು, ತೊಟ್ಟಿಲ ಕೂಸನ್ನು ಕಳಕೊಂಡ ತಾಯಿ ಅವರು. ಮನೆಯವರನ್ನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಮನೆಗೆ ಬಂದು ಡೈರಿಯ ಆ ಹಾಳೆ ಹರಿದು ಹಾಕಿದೆ.

ಈಗ ಮೊದಲ ಎರಡು ಭೇಟಿಯಲ್ಲಿ ನಾನು ಹಾಡುವುದೇ ಇಲ್ಲ. ಸುಮ್ನೆ ಕೂತು ಕೇಳುತ್ತೇನೆ. ಏನು ಕೇಳಿ ಬೆಳೆದರು, ಯಾವ ಸದ್ದು ಆಗಲ್ಲ, ಮನೆಯಲ್ಲಿ ಯಾರು ಹೇಗೆ ಮಾತಾಡುತ್ತಾರೆ, ಎಲ್ಲ ಬರೆದುಕೊಳ್ಳುತ್ತೇನೆ. ಒಂದು ಮನೆಯ ಯಜಮಾನರು "ಫೀಸ್ ತಗೊಂಡು ಹರಟೆ ಹೊಡೆದು ಹೋದ್ರು" ಅಂದರಂತೆ. ಅನ್ನಲಿ.

ಅಷ್ಟು ಮಾಡಿಯೂ ತಪ್ಪುತ್ತೇವೆ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದ ಒಬ್ಬರ ಕಥೆ ಹೇಳುತ್ತೇನೆ. ಅಣ್ಣ ಅಂತಲೇ ಕರೆಯುತ್ತಿದ್ದೆ. ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ಅರ್ಥ ಆಗುತ್ತಿತ್ತು. ಅವರು ಏನು ಹೇಳಹೊರಟರೂ "ತೋ, ತೋ" ಅಂತಷ್ಟೇ ಬರುತ್ತಿತ್ತು. ಆದರೆ ನಾನು ದೇವರನಾಮ ಎತ್ತಿಕೊಂಡರೆ ಪಲ್ಲವಿ ಪೂರ್ತಿ ಹಾಡಿಬಿಡೋರು, ಒಂದಕ್ಷರ ತಪ್ಪದೆ! ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: "ಹಾಡು ಬರುತ್ತೆ, ಮಾತು ಬರಲ್ಲ. ಬೇಕಂತ್ಲೇ ಮಾಡ್ತಾರಾ ಮೇಡಂ?"

ಇಲ್ಲ ಅಕ್ಕ, ಅಂದೆ. ಮಾತು ಜೋಡಿಸುವ ಕೆಲಸ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದ್ದು. ಅಲ್ಲಿ ಪೆಟ್ಟು ಬಿದ್ದರೆ ಹೇಳಬೇಕಾದ್ದು ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಜೊತೆಗೆ ಹಳೇ ಹಾಡು ಮಗ್ಗಿಯ ಥರ ಬಾಯಿಪಾಠ, ಒಂದು ಪದ ಸಿಕ್ಕರೆ ಉಳಿದದ್ದು ತಾನೇ ಬರುತ್ತೆ. ಹಾಗಂತ ಹಾಡಿಸುತ್ತಾ ಹೋದರೆ ಮಾತು ಬರುವುದಿಲ್ಲ.

ಮಗಳು ಒಂದು ವಿಡಿಯೊ ನೋಡಿದ್ದಳು. 2011ರಲ್ಲಿ ತಲೆಗೆ ಗುಂಡೇಟು ಬಿದ್ದ ಅಮೆರಿಕದ ಸಂಸದೆ ಗೇಬ್ರಿಯೆಲ್ ಗಿಫರ್ಡ್ಸ್ ಹಾಡಿನ ಸಹಾಯದಿಂದ ಮಾತು ಕಲಿತದ್ದು. "ಅಪ್ಪಂಗೂ ಹಾಗೇ ಆಗುತ್ತಲ್ವಾ?" ಎಷ್ಟಾಗುತ್ತೆ ಅಂತ ಹೇಳಕ್ಕಾಗಲ್ಲಮ್ಮ, ದಿನಾ ಮಾಡಬೇಕು, ಅಂದೆ.

ನಾನು ಹಿಡಿದದ್ದು ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಅನ್ನುವವರು 1973ರಲ್ಲಿ ಮುಂದಿಟ್ಟ ದಾರಿ. ದಿನಬಳಕೆಯ ಸಣ್ಣ ಮಾತೊಂದನ್ನು ಎರಡೇ ಸ್ವರದಲ್ಲಿ, ನಿಧಾನವಾಗಿ, ಎಡಗೈಯಲ್ಲಿ ತಟ್ಟುತ್ತಾ ಹೇಳಿಸುವುದು. ನಮ್ಮ ಸಂಗೀತದ ಲೆಕ್ಕದಲ್ಲಿ ಷಡ್ಜ, ಸಾಧಾರಣ ಗಾಂಧಾರ, ಅಂದರೆ ಒಂದು ಸ, ಅದರ ಮೇಲೆ ಒಂದು ಗ. ಮೊದಲು ಬರೀ ಗುನುಗು. ಆಮೇಲೆ ಇಬ್ಬರೂ ಒಟ್ಟಿಗೆ. ಆಮೇಲೆ ನಾನು ಅರ್ಧಕ್ಕೆ ನಿಲ್ಲಿಸುತ್ತೇನೆ, ಅವರು ಮುಗಿಸಬೇಕು. ಕೊನೆಗೆ ಪ್ರಶ್ನೆ ಕೇಳಿದರೆ ಅದೇ ಉತ್ತರವಾಗಿ ಬರಬೇಕು, ಸ್ವರ ಕರಗಿ ಮಾತಿನ ಧಾಟಿಗೆ ಇಳಿಯಬೇಕು. ನನ್ನ ಶ್ರುತಿ, ಅಂದರೆ ಹಾಡಲು ಹಿಡಿಯುವ ಆಧಾರ ಸ್ವರ, ಐದೂವರೆ; ಅವರ ದನಿ ಅದಕ್ಕಿಂತ ತುಂಬ ತಗ್ಗು, ಒಂದರ ಹತ್ತಿರ. ಇಳಿಯಬೇಕಾದವಳು ನಾನು. ನನ್ನ ಗಂಟಲಿಗೆ ಅದು ಏನೇನೂ ಚೆನ್ನಾಗಿರಲಿಲ್ಲ, ಬಿಡಿ.

"ನನಗೆ ಕಾಫಿ ಬೇಕು" ಅಂತ ಶುರು ಮಾಡಿದೆ. ಎರಡು ವಾರ, ಶೂನ್ಯ. ಇಂಗ್ಲಿಷಿನಲ್ಲಿ ಒತ್ತಿ ಹೇಳುವ ಅಕ್ಷರಕ್ಕೆ ಮೇಲಿನ ಸ್ವರ ಕೊಡುತ್ತಾರೆ. ನಮ್ಮ ಮಾತಿನಲ್ಲಿ ಅಂಥ ಒತ್ತು ಅಷ್ಟಾಗಿ ಇಲ್ಲ. ಎಲ್ಲಿ ಏರಿಸಬೇಕು ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಅಣ್ಣ ಸಿಟ್ಟು ಮಾಡಿಕೊಂಡು ಮುಖ ತಿರುಗಿಸೋರು.

ಒಂದು ಸಾಯಂಕಾಲ ಅಕ್ಕ ನಗುತ್ತಾ, "ಮುಂಚೆ ಇವ್ರು ನಿದ್ದೆಗಣ್ಣಲ್ಲೂ ಬಸ್ ಹೊರಡಿಸೋರು" ಅಂದರು. ಹೇಗೆ ಅಂದೆ. ಅವರು ಮೂಗಿನಲ್ಲಿ ಎಳೆದು ಕೂಗಿ ತೋರಿಸಿದರು, "ಮಂಡ್ಯ ಮದ್ದೂರ್ ಚನ್ಪಟ್ಣ ರಾಮ್ನಗ್ರ ಬೆಂಗ್ಳೂರ್..." ಅಣ್ಣನ ಎಡಗೈ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಎರಡು ಸಲ ಬಡಿಯಿತು. ಟಪ್ ಟಪ್. ಆಮೇಲೆ ಬಾಯಿ: "ರೈಟ್!"

ಮೂರು ವಾರದಿಂದ ಅವರ ಎಡಗೈ ಹಿಡಿದು ತಟ್ಟಿಸಲು ಒದ್ದಾಡಿದ್ದೆ. ಆ ಕೈ ಎಷ್ಟೋ ವರ್ಷ ಬಸ್ಸಿನ ತಗಡು ಬಡಿದ ಕೈ. ಎರಡು ಏಟಿಗೆ ರೈಟ್, ಒಂದು ಏಟಿಗೆ ಹೋಲ್ಡಾನ್. ಅವರ ರಾಗವೂ ಅಲ್ಲೇ ಇತ್ತು, ಊರುಗಳ ಹೆಸರಿನಲ್ಲಿ. ದೇವರನಾಮ ಮಗಳಿಗೆ ಇಷ್ಟ ಇದ್ದದ್ದು, ನಾನು ಕೇಳಿದ್ದೂ ಅವಳನ್ನೇ!

ಮಾರನೇ ದಿನದಿಂದ ಪುಸ್ತಕದ ಮಾತು ಬಿಟ್ಟೆ. "ಕಾಫಿ ಕೊಡೇ." ಹೆಂಡತಿಯನ್ನು ಅವರು ಕೇಳುತ್ತಿದ್ದದ್ದು ಹಾಗೆ. ಅಕ್ಕನಿಂದಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರು "ಕಾ"ದಲ್ಲಿ ಏರಿ "ಡೇ"ಯಲ್ಲಿ ಎಳೆಯುತ್ತಿದ್ದರು. ನಾನೂ ಹಾಗೇ ಏರಿಸಿದೆ. ಮಂಚದ ಪಟ್ಟಿಯೇ ತಾಳ. ಮೊದಲು ಊರು ಕೂಗು, ಅದು ಹರಿಯುತ್ತಿರುವಾಗಲೇ ಅದೇ ಧಾಟಿಯಲ್ಲಿ "ಕಾಫಿ ಕೊಡೇ". ಒಂಬತ್ತನೇ ದಿನ ನಾನು ನಿಲ್ಲಿಸಿದ ಮೇಲೂ "ಕೊಡೇ" ಬಂತು. ಅಕ್ಕ ಕಾಫಿ ತಂದವರು ಲೋಟ ಕೊಡದೆ ನಿಂತೇ ಇದ್ದರು.

ಆಮೇಲಿನದ್ದು ಬರೀ ದುಡಿಮೆ. ದಿನಾ ಅರ್ಧ ಗಂಟೆ, ಹತ್ತಾರು ಸಲ ಅದೇ ಮಾತು. ಯಾವ ಮಾತು ಸೇರಿಸಬೇಕು, ಯಾವುದು ಕಷ್ಟ ಅಂತ ಹೇಳುತ್ತಿದ್ದವರು ಸ್ಪೀಚ್ ಥೆರಪಿಸ್ಟ್. ಅವರಿಲ್ಲದೆ ಇಂಥ ಕೇಸ್ ನಾನು ಮುಟ್ಟುವುದಿಲ್ಲ. ರಾಗ ಕೇಳಿ, ಮಾತ್ರೆ ನಿಲ್ಲಿಸಿ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಐದು ತಿಂಗಳಲ್ಲಿ ಅಣ್ಣನಿಗೆ ಬಂದದ್ದು ಇಪ್ಪತ್ತಾರು ಮಾತು. ಹರಟೆ ಹೊಡೆಯೋಷ್ಟು ಬರಲಿಲ್ಲ. ಮಗಳಿಗೆ ಬೇಜಾರಿತ್ತು. ನನಗೂ ಸ್ವಲ್ಪ ಇತ್ತು.

ಕೊನೆಯ ವಾರಗಳಲ್ಲಿ ಒಂದು ದಿನ ಅವರು ಏನೋ ಹೇಳಲು ಹೊರಟು "ಬಿ... ಬಿ..." ಅನ್ನುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಬಿಸ್ಕತ್ತಾ ಅಣ್ಣ?" ಅಂದುಬಿಟ್ಟೆ. ಮಂಚದ ಪಟ್ಟಿಗೆ ಒಂದೇ ಏಟು.

"ಹೋಲ್ಡಾನ್."

ಬಾಯಿ ಮುಚ್ಚಿಕೊಂಡೆ. ಗೋಡೆ ಗಡಿಯಾರ ನೋಡುತ್ತಾ ಕೂತೆ. ಅರ್ಧ ನಿಮಿಷದ ಮೇಲಾಯಿತು.

"ಬಿಸಿ ನೀರ್," ಅಂದರು. ತಟ್ಟಲಿಲ್ಲ, ಹಾಡಲಿಲ್ಲ.