ಫ್ಯಾಮಿಲಿ ಕೋರ್ಟಿನಲ್ಲಿ ಕೇಳಿದ್ದಷ್ಟೇ ಸಿಗುತ್ತದೆ: ವಿಚ್ಛೇದನಕ್ಕೆ ಹೊರಟವರಿಗೆ ದಾರಿ

ವಿಚ್ಛೇದನ ಅಂದರೆ ಒಂದೇ ಕೇಸು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅರ್ಜಿ ಹಾಕಿದರೆ ಸಾಕು, ದುಡ್ಡು ಎಷ್ಟು, ಮಗು ಯಾರ ಹತ್ತಿರ, ಒಡವೆ ಯಾರಿಗೆ ಅಂತ ಜಡ್ಜು ತಾವಾಗಿಯೇ ತೀರ್ಮಾನ ಮಾಡುತ್ತಾರೆ ಅನ್ನುವ ನಂಬಿಕೆ. ಹಾಗಲ್ಲ. ಮದುವೆ ಮುರಿಯುವುದು ಒಂದು ಕೋರಿಕೆ, ಜೀವನಾಂಶ ಇನ್ನೊಂದು, ಮಗು ಮತ್ತೊಂದು, ಹೊಡೆತ ಬೆದರಿಕೆಯಿಂದ ರಕ್ಷಣೆ ಬೇರೆಯದೇ. ಬರೆದು ಕೇಳದೆ ಇದ್ದದ್ದು ಸಿಗುವುದಿಲ್ಲ, ಅದರಲ್ಲೂ ಶುರುವಿನಲ್ಲೇ ಕೇಳಿದವರಿಗೂ ಮೂರು ವರ್ಷ ಬಿಟ್ಟು ಕೇಳಿದವರಿಗೂ ತುಂಬಾ ವ್ಯತ್ಯಾಸ ಆಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದ ಕೋರ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹೆಚ್ಚಾಗಿ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಹೇಳುತ್ತೇನೆ. ಈ ಕಾಯ್ದೆ ವೀರಶೈವ ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರಿಗೂ ಅನ್ವಯಿಸುತ್ತದೆ. ರಿಜಿಸ್ಟರ್ ಆಫೀಸಿನಲ್ಲಿ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಮದುವೆಯಾದವರಿಗೆ 1954ರ ಆ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ತಾವೇ ಬಿಡುಗಡೆ ಕೇಳುವ ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆ. ಕಾರಣಗಳು, ಅವಧಿಗಳು ಬೇರೆ ಬೇರೆ, ಆದರೆ ಕೋರ್ಟು ನಡೆಯುವ ರೀತಿ ಸುಮಾರಾಗಿ ಒಂದೇ.

ಮೊದಲು ಒಂದು ಎಚ್ಚರಿಕೆ. ಛಾಪಾ ಕಾಗದದ ಮೇಲೆ "ನಾವಿಬ್ಬರೂ ಬೇರೆಯಾಗಿದ್ದೇವೆ" ಅಂತ ಬರೆದು, ನೋಟರಿ ಸೀಲು ಹಾಕಿಸಿ, ಇಬ್ಬರೂ ಸಹಿ ಮಾಡಿದರೆ ವಿಚ್ಛೇದನ ಆಗುವುದಿಲ್ಲ. ಊರಿನ ಹಿರಿಯರು ಕೂತು ಪಂಚಾಯ್ತಿ ಮಾಡಿ ಬರೆಸಿದರೂ ಅಷ್ಟೆ. ಕೆಲವು ಸಮುದಾಯಗಳಲ್ಲಿ ರೂಢಿಯಿಂದ ಬಂದ ವಿಚ್ಛೇದನವನ್ನು ಕಾಯ್ದೆ ಉಳಿಸಿಕೊಂಡಿದೆ, ನಿಜ, ಆದರೆ ಆ ರೂಢಿ ಇದೆ ಅಂತ ಸಾಕ್ಷಿ ಸಮೇತ ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ಇಂಥ ಕಾಗದ ನಂಬಿ ಇನ್ನೊಂದು ಮದುವೆಯಾದವರ ಮೇಲೆ ಎರಡನೇ ಮದುವೆಯ ಕ್ರಿಮಿನಲ್ ಕೇಸು ಬೀಳಬಹುದು. ದಯವಿಟ್ಟು ಈ ದಾರಿ ಹಿಡಿಯಬೇಡಿ.

ಅರ್ಜಿ ಎಲ್ಲಿ ಹಾಕಬೇಕು

ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಫ್ಯಾಮಿಲಿ ಕೋರ್ಟುಗಳಿವೆ. ಬೇರೆ ಊರುಗಳಲ್ಲಿ ಫ್ಯಾಮಿಲಿ ಕೋರ್ಟ್ ಇದ್ದರೆ ಅಲ್ಲಿ, ಇಲ್ಲದ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ. ಮದುವೆ ನಡೆದ ಜಾಗ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಜಾಗ, ಎದುರು ಪಕ್ಷದವರು ಈಗ ಇರುವ ಜಾಗ, ಇವುಗಳಲ್ಲಿ ಯಾವುದಾದರೂ ಆಗಬಹುದು. ಅರ್ಜಿ ಹಾಕುವವರು ಹೆಂಡತಿಯಾಗಿದ್ದರೆ ಅವರು ಈಗ ಇರುವ ಊರಿನಲ್ಲೇ ಹಾಕಬಹುದು, 2003ರ ತಿದ್ದುಪಡಿಯಲ್ಲಿ ಬಂದ ಅನುಕೂಲ ಇದು. ತವರಿಗೆ ಬಂದಿರುವವರು ಗಂಡನ ಊರಿಗೆ ಓಡಾಡಬೇಕು ಅಂತ ಹೆದರುವ ಅಗತ್ಯ ಇಲ್ಲ. ಮದುವೆಯಾಗಿ ಒಂದು ವರ್ಷ ಆಗುವ ಮುಂಚೆ ಮಾತ್ರ, ತೀರಾ ಸಹಿಸಲಾಗದ ಪರಿಸ್ಥಿತಿ ತೋರಿಸದೆ, ವಿಚ್ಛೇದನದ ಅರ್ಜಿ ಹಾಕುವ ಹಾಗಿಲ್ಲ.

ವಕೀಲರ ದುಡ್ಡಿಗೆ ಎಲ್ಲಿ ಹೋಗುವುದು ಅನ್ನುವವರಿಗೆ: ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಆಫೀಸು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಇಬ್ಬರೂ ಒಪ್ಪಿದ್ದರೆ

ಇದೇ ಹತ್ತಿರದ ದಾರಿ, ಹಿಂದೂ ವಿವಾಹ ಕಾಯ್ದೆಯ ಕಲಂ ನಂಬರಿನಿಂದ 13ಬಿ ಅಂತ ಕರೆಯುತ್ತಾರೆ. ಒಂದು ವರ್ಷದಿಂದ ಬೇರೆ ಇರಬೇಕು. ಬೇರೆ ಮನೆಯಲ್ಲೇ ಇರಬೇಕು ಅಂತಿಲ್ಲ, ಒಂದೇ ಸೂರಿನ ಕೆಳಗಿದ್ದರೂ ಗಂಡ ಹೆಂಡತಿಯಾಗಿ ಬದುಕುತ್ತಿಲ್ಲ ಅಂದರೆ ಸಾಕು. ಜಂಟಿ ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾದು, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು "ಹೌದು, ನಮ್ಮ ಮನಸ್ಸು ಬದಲಾಗಿಲ್ಲ" ಅನ್ನಬೇಕು. ಬೇರೆಯಾಗಿ ಆಗಲೇ ತುಂಬಾ ಕಾಲ ಆಗಿ, ರಾಜಿ ಪ್ರಯತ್ನ ಸೋತು, ದುಡ್ಡು ಮಗು ಎಲ್ಲ ಇತ್ಯರ್ಥ ಆಗಿದ್ದರೆ ಆ 6 ತಿಂಗಳನ್ನು ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಅದಕ್ಕೂ ಬೇರೆ ಅರ್ಜಿ ಬೇಕು, ತಾನಾಗಿ ಬಿಡುವುದಿಲ್ಲ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಕೊನೆಯ ಆದೇಶ ಬರುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೋಬಹುದು. ಹಾಗಾಗಿ ಪೂರ್ತಿ ದುಡ್ಡನ್ನು ಮೊದಲ ದಿನವೇ ಕೊಟ್ಟುಬಿಡುವುದೂ ಬೇಡ, ಕೈಗೆ ಏನೂ ಬರದೆ ಎಲ್ಲ ಕೇಸು ವಾಪಸ್ ತಗೊಳ್ಳುವುದೂ ಬೇಡ. ಅರ್ಧ ಮೊದಲ ಹಂತದಲ್ಲಿ, ಉಳಿದದ್ದು ಕೊನೆಯ ದಿನ ಜಡ್ಜ್ ಮುಂದೆ ಡಿ.ಡಿ. ಮೂಲಕ, ಈ ಥರ ಬರೆಸಿಕೊಳ್ಳಿ. ಒಪ್ಪಂದದಲ್ಲಿ ಒಡವೆಯ ಪಟ್ಟಿ, ಮಗುವಿನ ಸ್ಕೂಲ್ ಫೀಸು, ಹಬ್ಬ ರಜೆಯಲ್ಲಿ ಮಗು ಎಲ್ಲಿರುತ್ತದೆ, ಜಂಟಿ ಸಾಲ ಯಾರು ಕಟ್ಟಬೇಕು, ಬೇರೆ ಬೇರೆ ಕೋರ್ಟಿನಲ್ಲಿರುವ ಕೇಸುಗಳು ಏನಾಗಬೇಕು, ಎಲ್ಲ ಇರಲಿ. ಬಾಯಿಮಾತಿನ ಭರವಸೆ ಆಮೇಲೆ ಕೆಲಸಕ್ಕೆ ಬರಲ್ಲ.

ಒಬ್ಬರು ಒಪ್ಪದಿದ್ದರೆ

ಆಗ ಕಾನೂನಿನಲ್ಲಿರುವ ಕಾರಣ ತೋರಿಸಬೇಕು. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಬೇರೆಯವರ ಜೊತೆ ಸಂಬಂಧ, ಮತಾಂತರ, ಗಂಭೀರ ಮಾನಸಿಕ ಕಾಯಿಲೆ, ಏಳು ವರ್ಷ ಸುಳಿವಿಲ್ಲದಿರುವುದು, ಹೀಗೆ. "ಹೊಂದಾಣಿಕೆ ಆಗ್ತಿಲ್ಲ, ಮದುವೆ ಸತ್ತುಹೋಗಿದೆ" ಅನ್ನುವುದೊಂದೇ ಫ್ಯಾಮಿಲಿ ಕೋರ್ಟಿನಲ್ಲಿ ಕಾರಣ ಆಗುವುದಿಲ್ಲ. ಅದರ ಮೇಲೆ ಬಿಡುಗಡೆ ಕೊಡುವ ವಿಶೇಷ ಅಧಿಕಾರ ಸುಪ್ರೀಂ ಕೋರ್ಟಿಗೆ ಇದೆ ಅಂತ 2023ರ ತೀರ್ಪು ಹೇಳಿತು, ಅಲ್ಲಿವರೆಗೆ ಹೋಗುವವರು ಎಷ್ಟು ಜನ ಹೇಳಿ.

ಅರ್ಜಿಗೆ ಎಂ.ಸಿ. (ವಿವಾಹದ ಕೇಸು) ನಂಬರ್ ಬೀಳುತ್ತದೆ, ಎದುರಿನವರಿಗೆ ನೋಟಿಸ್ ಹೋಗುತ್ತದೆ. ನೋಟಿಸ್ ಬಂದವರು ಅದನ್ನು ತಗೊಳ್ಳದೆ ವಾಪಸ್ ಕಳಿಸಿದರೆ ಕೇಸು ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ನಿಲ್ಲಲ್ಲ. ನಿರಾಕರಿಸಿದರೂ ತಲುಪಿದ ಹಾಗೆಯೇ ಲೆಕ್ಕ, ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಪೂ ಆಗಿಬಿಡಬಹುದು. ಅದನ್ನು ರದ್ದು ಮಾಡಿಸಲು ಅರ್ಜಿ ಹಾಕುವುದಕ್ಕೆ ಸಾಮಾನ್ಯವಾಗಿ 30 ದಿನ ಅಷ್ಟೇ. ನೋಟಿಸ್ ಬಂತಾ, ಹೋಗಿ.

ಹಾಜರಾದ ಮೇಲೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಕಾಟಾಚಾರಕ್ಕೆ ಹೋಗಿ ಬರಬೇಡಿ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಅದನ್ನು ಸಾಕ್ಷಿಯಾಗಿ ಬಳಸುವ ಹಾಗಿಲ್ಲ. ಒಟ್ಟಿಗೆ ಬಾಳಲೇಬೇಕು ಅಂತ ಒತ್ತಾಯವೂ ಇಲ್ಲ, ಮರ್ಯಾದೆಯಿಂದ ಬೇರೆಯಾಗುವ ಒಪ್ಪಂದ ಕೂಡ ಅಲ್ಲೇ ಆಗುತ್ತದೆ. ಆಗದಿದ್ದರೆ ತಕರಾರು ಸಲ್ಲಿಕೆ, ಪ್ರಮಾಣಪತ್ರ (ಅಫಿಡವಿಟ್), ಪಾಟಿ ಸವಾಲು (ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳು), ವಾದ, ತೀರ್ಪು. ವರ್ಷಗಟ್ಟಲೆ ಎಳೆಯುವುದು ಈ ಹಂತ. ವಾಟ್ಸಾಪ್ ಮೆಸೇಜುಗಳು ನಿಮ್ಮ ಸಾಕ್ಷಿಯಾಗಿದ್ದರೆ ಸ್ಕ್ರೀನ್‌ಶಾಟ್ ಒಂದೇ ಸಾಲದು, ಮೂಲ ಫೋನನ್ನು ಜೋಪಾನ ಮಾಡಿ, ಅದಕ್ಕೆ ಕಾನೂನು ಕೇಳುವ ಸರ್ಟಿಫಿಕೇಟ್ ಬಗ್ಗೆ ವಕೀಲರನ್ನು ಕೇಳಿ. ಅರ್ಜಿಯಲ್ಲಿ ಬರೆದ ಪ್ರತಿಯೊಂದು ಮಾತಿನ ಮೇಲೂ ಪಾಟಿ ಸವಾಲು ಬರುತ್ತದೆ, ಹಾಗಾಗಿ ಸಿಟ್ಟಿನಲ್ಲಿ ಸೇರಿಸಿದ ಸುಳ್ಳು ಒಂದಿದ್ದರೂ ಉಳಿದ ನಿಜವೆಲ್ಲ ಸಡಿಲ ಆಗುತ್ತದೆ. ಸಹಿ ಹಾಕುವ ಮುಂಚೆ ಅರ್ಜಿಯನ್ನು ಪೂರ್ತಿ ಓದಿ, ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.

ದುಡ್ಡು ಮತ್ತು ಮಗು: ಕಾಯಬೇಡಿ

ಕೇಸು ಮುಗಿಯುವ ತನಕ ಊಟಕ್ಕೇನು, ಬಾಡಿಗೆಗೇನು? ಅದಕ್ಕೇ ಮಧ್ಯಂತರ ಜೀವನಾಂಶ ಇರುವುದು. ವಿಚ್ಛೇದನದ ಕೇಸಿನಲ್ಲೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಕೆಳಗೆ ಕೇಳಬಹುದು, ಸಂಪಾದನೆ ಇಲ್ಲದ ಗಂಡನೂ ಕೇಳಬಹುದು. ಬೇರೆಯಾಗಿ ಕೇಳುವುದಾದರೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿ.ಆರ್.ಪಿ.ಸಿ.) 125ನೇ ಕಲಂ ಅಂತಿದ್ದದ್ದು, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ, ಇದು ಎಲ್ಲ ಧರ್ಮದವರಿಗೂ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಲೇಬೇಕು, ಜೀವನಾಂಶವೂ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಒಂದು ತಿಂಗಳು ತಡ ಮಾಡಿದರೆ ಆ ತಿಂಗಳ ದುಡ್ಡು ಹೋಯಿತು ಅಂತಲೇ ಅರ್ಥ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: 144ರಲ್ಲಿ ಆದೇಶ ಆದ ಮೇಲೂ ಕೊಡದಿದ್ದರೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಒಳಗೆ ವಸೂಲಿಗೆ ಅರ್ಜಿ ಹಾಕಬೇಕು. ಆದೇಶ ಇದೆಯಲ್ಲಾ ಅಂತ ಸುಮ್ನೆ ಕೂರಬೇಡಿ.

ಮಗುವಿನ ವಿಷಯದಲ್ಲಿ ಕೋರ್ಟು ನೋಡುವುದು ಮಗುವಿಗೆ ಯಾವುದು ಒಳ್ಳೆಯದು ಅಂತ. ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ. ದೊಡ್ಡ ಮಕ್ಕಳ ಜೊತೆ ಜಡ್ಜು ಚೇಂಬರಿನಲ್ಲಿ ಒಬ್ಬರೇ ಮಾತಾಡುವುದುಂಟು, ಮಗುವಿಗೆ ಬಾಯಿಪಾಠ ಮಾಡಿಸಿ ಕಳಿಸಬೇಡಿ, ಆ ಹೊರೆ ಅದರ ತಲೆಯ ಮೇಲೆ ಬೇಡ. ಮಗು ಹತ್ತಿರ ಇಲ್ಲದವರು ಭೇಟಿಗೆ ಶುರುವಿನಲ್ಲೇ ಅರ್ಜಿ ಹಾಕಿ. ವರ್ಷಗಳು ಕಳೆದು ಮಗು ಗುರುತೇ ಹಿಡಿಯದ ಹಾಗಾದ ಮೇಲೆ ಯಾವ ಆದೇಶವೂ ಅದನ್ನು ಪೂರ್ತಿ ಸರಿಮಾಡಲಾರದು. ಮಗುವಿನ ಆದೇಶ ಶಾಶ್ವತ ಅಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಕೇಳಬಹುದು.

ಮನೆಯಲ್ಲಿ ಹೊಡೆತ ಇದ್ದರೆ ವಿಚ್ಛೇದನಕ್ಕಿಂತ ಮುಂಚೆ ಅದು. ತಕ್ಷಣಕ್ಕೆ 112 ಇಲ್ಲವೇ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟ್ ಹತ್ತಿರ ರಕ್ಷಣೆ, ಜೀವನಾಂಶ, ಆ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ ಅನ್ನುವುದೊಂದೇ ಕಾರಣಕ್ಕೆ ಆ ಹಕ್ಕು ಇಲ್ಲ ಅನ್ನುವ ಹಾಗಿಲ್ಲ.

ವಾಯಿದೆ ದಿನ

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಬೇರೆಯಾಗಿ ಕೊಡುವ 16 ಅಕ್ಷರದ ಸಿ.ಎನ್.ಆರ್. ನಂಬರ್ ಹಾಕಿದರೆ ಮುಂದಿನ ವಾಯಿದೆ, ಕೇಸು ಯಾವ ಹಂತದಲ್ಲಿದೆ ಎಲ್ಲ ಕಾಣುತ್ತದೆ. ವಕೀಲರು ಹೇಳಿದ್ದನ್ನಷ್ಟೇ ನಂಬಿ ಕೂರುವ ಅಗತ್ಯ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಹೆಸರು ಕೂಗಿದಾಗ ಹಾಲ್‌ನಲ್ಲಿರಿ, ಮುಂದಿನ ದಿನಾಂಕವನ್ನು ನೀವೇ ಬರೆದುಕೊಳ್ಳಿ. ಎಲ್ಲರ ಮುಂದೆ ಹೇಳಲಾಗದ ವಿಷಯ ಇದ್ದರೆ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಮಾಡಿ ಅಂತ ಕೇಳಬಹುದು.

ತೀರ್ಪಾದ ಮೇಲೆ ದೃಢೀಕರಿಸಿದ ನಕಲಿಗೆ ಕೂಡಲೇ ಅರ್ಜಿ ಕೊಡಿ, ಒಂದೆರಡು ಜಾಸ್ತಿಯೇ ತಗೊಳ್ಳಿ, ಪಾಸ್‌ಪೋರ್ಟ್, ಬ್ಯಾಂಕ್, ಮುಂದಿನ ಮದುವೆ ನೋಂದಣಿ ಎಲ್ಲದಕ್ಕೂ ಬೇಕಾಗುತ್ತದೆ. ಫ್ಯಾಮಿಲಿ ಕೋರ್ಟಿನ ತೀರ್ಪು ಒಪ್ಪಿಗೆ ಆಗದಿದ್ದರೆ ಮೇಲ್ಮನವಿ ಹೈಕೋರ್ಟಿಗೆ, ನಿಮ್ಮ ಜಿಲ್ಲೆ ನೋಡಿ ಬೆಂಗಳೂರು, ಧಾರವಾಡ ಇಲ್ಲವೇ ಕಲಬುರಗಿ. ಮೇಲ್ಮನವಿ ಹಾಕುವ ಅವಧಿ ಮುಗಿಯುವವರೆಗೆ, ಮೇಲ್ಮನವಿ ಹಾಕಿದ್ದರೆ ಅದು ತೀರುವವರೆಗೆ, ಮರುಮದುವೆ ಬೇಡ. ವಿಮೆ, ಪಿ.ಎಫ್., ಬ್ಯಾಂಕ್ ಖಾತೆಗಳ ನಾಮಿನಿ ಹೆಸರನ್ನೂ ಅದೇ ವಾರ ಬದಲಾಯಿಸಿ.