ಕಾರಿನ ತೂಕ ಇಳಿಸುವ ಮುನ್ನ

ಘಟ್ಟದ ಏರಿನಲ್ಲಿ ಕಾರು ಏದುಸಿರು ಬಿಡುತ್ತದೆ ಎನ್ನುವವರು ಎಂಜಿನ್ನಿಗೆ ಕೈ ಹಾಕುವ ಮೊದಲು ಡಿಕ್ಕಿಯನ್ನು ತೆರೆದು ನೋಡಬೇಕೆಂದು ನನ್ನ ವಿನಂತಿ. ಚಾಲಕ ಸೇರಿ 900 ಕಿಲೋ ತೂಗುವ ಸಣ್ಣ ಕಾರಿನಿಂದ 45 ಕಿಲೋ ಇಳಿಸಿದರೆ ಒಟ್ಟು ತೂಕದ ಶೇ. 5ರಷ್ಟು ಕಡಿಮೆಯಾಗುತ್ತದೆ, ಎಂಜಿನ್ನಿನ ಶಕ್ತಿ ಅಷ್ಟೇ ಇದ್ದರೂ ವೇಗ ಏರುವುದು ಮತ್ತು ಬ್ರೇಕ್ ಹಿಡಿಯುವುದು ಎರಡೂ ಸುಲಭವಾಗುತ್ತವೆ.

ತಿಂಗಳುಗಟ್ಟಲೆ ಹೊತ್ತು ತಿರುಗುವ ನೀರಿನ ಕ್ಯಾನು, ಹಳೆಯ ಬ್ಯಾಟರಿ, ಬೇಡದ ಉಪಕರಣಗಳನ್ನು ಇಳಿಸಿಬಿಡಿ. ಚಾವಣಿಯ ಕ್ಯಾರಿಯರ್ ಭಾರದ ಜೊತೆಗೆ ಗಾಳಿಯ ತಡೆಯನ್ನೂ ಹೆಚ್ಚಿಸುವುದರಿಂದ ಬಳಸದ ದಿನಗಳಲ್ಲಿ ಅದನ್ನು ಬಿಚ್ಚಿಡುವುದು ಒಳ್ಳೆಯದು. ಮುಂಭಾಗದ ಕಬ್ಬಿಣದ ಬುಲ್ ಗಾರ್ಡ್ ಅಂತೂ ಇರಲೇಬಾರದು. ಅದು ಏರ್‌ಬ್ಯಾಗಿನ ಸೆನ್ಸರುಗಳಿಗೆ ಅಡ್ಡಿಯಾಗಬಲ್ಲದು, ಪಾದಚಾರಿಗಳಿಗೂ ಅಪಾಯ, ಮತ್ತು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದರ ವಿರುದ್ಧ ರಾಜ್ಯಗಳಿಗೆ ಸೂಚನೆ ನೀಡಿದೆ.

ಹಣ ಖರ್ಚು ಮಾಡುವುದೇ ಆದರೆ ಚಕ್ರಗಳಿಗೆ ಮಾಡಿ. ಚಕ್ರವು ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕಾದ್ದರಿಂದ, ಅದರ ಅಂಚಿನಲ್ಲಿ ಕಡಿಮೆಯಾದ ಒಂದು ಕಿಲೋ ಡಿಕ್ಕಿಯಲ್ಲಿ ಕಡಿಮೆಯಾದ ಒಂದು ಕಿಲೋಗಿಂತ ಹೆಚ್ಚು ಫಲ ಕೊಡುತ್ತದೆ. ಆದರೆ ಅಲಾಯ್ (ಮಿಶ್ರಲೋಹದ ಚಕ್ರ) ಎಂದ ಮಾತ್ರಕ್ಕೆ ಹಗುರವೆಂದು ನಂಬದೆ, ಕೊಳ್ಳುವಾಗ ತೂಗಿಸಿ ನೋಡಿ. ದೊಡ್ಡ ಅಳತೆಯ ಅಗ್ಗದ ಅಲಾಯ್ ಚಕ್ರಗಳು ಮೂಲದ ಉಕ್ಕಿನ ಚಕ್ರಕ್ಕಿಂತ ಭಾರವಿರುವುದೂ ಉಂಟು.

ಹಿಂದಿನ ಸೀಟು, ಸೀಟ್ ಬೆಲ್ಟ್, ಬಾಗಿಲಿನೊಳಗಿನ ಉಕ್ಕಿನ ಪಟ್ಟಿ, ಇವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಸ್ಟೆಪ್ನಿ ಮತ್ತು ಜಾಕ್ ಕೂಡ ಇರಲಿ, ಏಕೆಂದರೆ ರಾತ್ರಿ ಚಾರ್ಮಾಡಿಯ ತಿರುವಿನಲ್ಲಿ ಟಯರು ಪಂಕ್ಚರಾದರೆ ನೆರವಿಗೆ ಬರುವುದು ಅವೇ.